ಉಪ್ಪಾಗೆ, ಬೂರು, ಪಾಲೆ ಕೆತ್ತೆ: ಕೆಲವು ಆಕ್ಷೇಪಗಳಿಗೆ ಉತ್ತರ

ಕಾಡಿನಿಂದ ಹಣ್ಣು, ಬಳ್ಳಿ, ಜೇನು, ಧೂಪ ತಂದು ಬದುಕುವವರ ಪರವಾಗಿ ಮಂಗಳೂರಿನಲ್ಲಿ ಕುಳಿತು ಒಂದು ಮಾತು ಆಡಿದರೆ ಎರಡು ಕಡೆಯಿಂದ ಏಟು ಬೀಳುತ್ತದೆ. ಒಂದು ಕಡೆ ಪಶ್ಚಿಮ ಘಟ್ಟದ ಮೇಲೆ ನಿಜವಾದ ಪ್ರೀತಿ ಇಟ್ಟುಕೊಂಡವರು. ವಾರದ ಕೊನೆಗೆ ಬೈನಾಕ್ಯುಲರ್ ಹಿಡಿದು ಚಾರ್ಮಾಡಿ, ಶಿರಾಡಿ ಹತ್ತುವ ಇವರು, "ಕಾಡನ್ನು ಕಾಡಿನ ಪಾಡಿಗೆ ಬಿಡಿ" ಎನ್ನುತ್ತಾರೆ. ಇನ್ನೊಂದು ಕಡೆ ಬಡವರ ಮೇಲೆ ಅಷ್ಟೇ ನಿಜವಾದ ಕಾಳಜಿ ಇರುವವರು. ಅವರ ಮಾತು, "ಇನ್ನೂ ಎಷ್ಟು ತಲೆಮಾರು ಇವರನ್ನು ಕಾಡಿಗೆ ಕಟ್ಟಿಹಾಕುತ್ತೀರಿ?" ಇಬ್ಬರೂ ಒಬ್ಬರ ಮಾತನ್ನೊಬ್ಬರು ಒಪ್ಪುವವರಲ್ಲ. ತೀರ್ಮಾನ ಮಾತ್ರ ಇಬ್ಬರದೂ ಒಂದೇ: ಸಂಗ್ರಹ ನಿಲ್ಲಬೇಕು.

ನಾನು ಒಪ್ಪುವುದಿಲ್ಲ. ಈ ಮರದ ಹಣ್ಣು ಮುಂದಿನ ವರ್ಷವೂ ತನ್ನದೇ ಎಂಬ ಭರವಸೆ ಇದ್ದವರು ಮರ ಉಳಿಸಿಕೊಳ್ಳುತ್ತಾರೆ. ಆ ಭರವಸೆಯನ್ನು ಟೆಂಡರೂ ಕಿತ್ತುಕೊಳ್ಳುತ್ತದೆ, ನಿಷೇಧವೂ ಕಿತ್ತುಕೊಳ್ಳುತ್ತದೆ. ನನ್ನ ವಾದ ಇಷ್ಟೇ. ಇದಕ್ಕೆ ಬರುವ ಆಕ್ಷೇಪಗಳನ್ನು ಒಂದೊಂದಾಗಿ ನೋಡೋಣ.

"ಕಣ್ಣೆದುರೇ ಹಾಳಾಯಿತಲ್ಲ, ಉಪ್ಪಾಗೆಯ ಕಥೆ ಮರೆತಿರಾ?" ಎಂದು ಕೇಳುತ್ತಾರೆ.

ಮರೆತಿಲ್ಲ. ಇವರ ಬತ್ತಳಿಕೆಯಲ್ಲಿರುವ ಅತ್ಯಂತ ಗಟ್ಟಿ ಬಾಣ ಇದೇ, ಆದ್ದರಿಂದ ಇದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಉಪ್ಪಾಗೆ, ನಮ್ಮ ಪುತ್ತೂರು-ಸುಳ್ಯ ಕಡೆಯವರ ಮಂತುಹುಳಿ, ಬಹುಕಾಲ ಮೀನು ಸಾರಿನ ಹುಳಿಯಾಗಿ ಅಡುಗೆಮನೆಯ ಅಟ್ಟದಲ್ಲಿ ಹೊಗೆ ಕುಡಿಯುತ್ತಾ ಇದ್ದ ಸಾಮಾನು. ಬೀಜದಿಂದ ತುಪ್ಪ ತೆಗೆಯುವುದು ಉತ್ತರ ಕನ್ನಡದ ಮನೆಗಳಲ್ಲಿ ಹಳೆಯ ರೂಢಿ. 1990ರ ದಶಕದಲ್ಲಿ ಇದರ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆ ಎಂಬ ಸುದ್ದಿ ಹೊರದೇಶಗಳಲ್ಲಿ ಹಬ್ಬಿತು. ಬೆಲೆ ಏರಿತು. ಜನ ಕಾಡಿಗೆ ನುಗ್ಗಿದರು. ಹಣ್ಣಾಗುವ ತನಕ ಕಾಯುವ ವ್ಯವಧಾನ ಯಾರಿಗೂ ಉಳಿಯಲಿಲ್ಲ. ಕಾಯಿಯನ್ನೇ ಕೊಯ್ದರು, ಕೈಗೆಟುಕದ ಕೊಂಬೆಯನ್ನು ಕಡಿದೇ ಕೆಡವಿದರು. ಉಪ್ಪಾಗೆಯ ದೊಡ್ಡ ತೊಡಕು ಏನೆಂದರೆ ಅದು ಹಣ್ಣಾಗುವುದು ಸುರಿಮಳೆಯಲ್ಲಿ. ನಮ್ಮ ಪುನರ್ಪುಳಿಯ ಹಾಗೆ ಏಪ್ರಿಲ್-ಮೇ ತಿಂಗಳ ಬಿಸಿಲಿಗೆ ಅಂಗಳದಲ್ಲಿ ಹರಡಿ ಒಣಗಿಸುವ ಭಾಗ್ಯ ಅದಕ್ಕಿಲ್ಲ. ಆಷಾಢದಲ್ಲಿ ಒಣಗಬೇಕಾದರೆ ಕೆಳಗೆ ಬೆಂಕಿ ಬೇಕು, ಬೆಂಕಿಗೆ ಸೌದೆ ಬೇಕು, ಸೌದೆಗೆ ಮತ್ತೆ ಕಾಡೇ ಬೇಕು. ಹೀಗೆ ಒಂದು ಹಣ್ಣಿಗಾಗಿ ಕಾಡು ಎರಡು ಸಲ ದಂಡ ತೆತ್ತಿತು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 135 ಮಂದಿಯ ಮೇಲೆ 12 ವಾರ ನಡೆಸಿದ ಪರೀಕ್ಷೆಯ ಫಲಿತಾಂಶ ಬಂತು: ತೂಕ ಇಳಿಸುವ ವಿಷಯದಲ್ಲಿ ಇದಕ್ಕೂ ಸತ್ತ್ವವಿಲ್ಲದ ಹುಸಿ ಗುಳಿಗೆಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅಲ್ಲಿಯವರ ಬೊಜ್ಜು ಕರಗಲಿಲ್ಲ. ಇಲ್ಲಿಯ ಮರದ ಕೊಂಬೆ ಹೋಗಿದ್ದು ಹೋಯಿತು.

ಇಷ್ಟೆಲ್ಲ ಒಪ್ಪಿದ ಮೇಲೆ ಒಂದು ಪ್ರಶ್ನೆ ಕೇಳುತ್ತೇನೆ. ಉಪ್ಪಾಗೆ ಹಣ್ಣಾದ ಮೇಲೆ ಸಿಪ್ಪೆ ದಪ್ಪಗಾಗುತ್ತದೆ, ತೂಕ ಹೆಚ್ಚು ಬರುತ್ತದೆ, ಬೆಲೆಯೂ ಹೆಚ್ಚು ಸಿಗುತ್ತದೆ ಎನ್ನುವುದು ಕೊಯ್ಯುವ ಹೆಂಗಸಿಗೆ ತಿಳಿಯದ್ದೇ? ಚೆನ್ನಾಗಿ ತಿಳಿದಿದೆ. ಮತ್ತೇಕೆ ಕಾಯಿ ಕೊಯ್ದಳು? ಇವತ್ತು ಬಿಟ್ಟರೆ ನಾಳೆ ಬೆಳಗಿನೊಳಗೆ ಇನ್ನೊಬ್ಬರು ಕೊಯ್ದಿರುತ್ತಾರೆ. ಆ ಮರ ಅವಳದ್ದಲ್ಲ, ಊರಿನದ್ದೂ ಅಲ್ಲ. ಅರಣ್ಯ ಇಲಾಖೆ ಕಿರು ಉತ್ಪನ್ನಗಳ ಸಂಗ್ರಹವನ್ನು ವಲಯವಾರು ಹರಾಜು ಹಾಕುತ್ತದೆ. ಒಂದೆರಡು ವರ್ಷದ ಅವಧಿಗೆ ಹಣ ಕಟ್ಟಿದ ಗುತ್ತಿಗೆದಾರನಿಗೆ ಆ ಅವಧಿಯೊಳಗೆ ಹಾಕಿದ್ದನ್ನು ಎತ್ತಬೇಕು. ಮೂರನೆಯ ವರ್ಷ ಆ ಮರ ಕಾಯಿ ಬಿಟ್ಟರೇನು, ಬಿಡದಿದ್ದರೇನು? ಅವನ ಏಜೆಂಟ್ ತಕ್ಕಡಿ ಹಿಡಿದು ಊರ ಬಾಗಿಲಿಗೆ ಬರುತ್ತಾನೆ. ಕಾಡು ಸುತ್ತಿದವಳಿಗೆ ಕಿಲೋ ಲೆಕ್ಕದ ಕೂಲಿ. ಆ ಮರದ ಮೇಲೆ ಇವಳಿಗೆ ಇರುವ ಹಕ್ಕು ಅವತ್ತಿನ ಸಂಜೆಯ ತನಕ ಮಾತ್ರ. ಇಂಥ ಏರ್ಪಾಡಿನಲ್ಲಿ ನೀವಾಗಲಿ ನಾನಾಗಲಿ ಇದ್ದರೂ ಕಾಯಿಯನ್ನೇ ಕೊಯ್ಯುತ್ತಿದ್ದೆವು.

ರಾಮಪತ್ರೆಯದೂ ಇದೇ ಪಾಡು. ಜಾಯಿಪತ್ರೆಗೆ ಬೆರಕೆ ಹಾಕುವುದಕ್ಕೆ ಬೇಡಿಕೆ ಬಂದದ್ದೇ ತಡ, ಕಾಯಿ ಒಡೆಯುವ ಮೊದಲೇ ಕೊಯ್ಲು ಶುರುವಾಯಿತು. ಬಿರಿದ ಕಾಯಿಯ ಕೆಂಪು ಪತ್ರೆಯನ್ನು ನುಂಗಿ ಬೀಜವನ್ನು ದೂರ ಉಗುಳುವ ಮಂಗಟ್ಟೆ ಹಕ್ಕಿಗೆ ಪಾಲಿಲ್ಲ, ಕಾಡಿಗೆ ಹೊಸ ಸಸಿ ಇಲ್ಲ. ಇದು ನಿಜವಾದ ನಷ್ಟ, ಅಲ್ಲಗಳೆಯುವುದಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ: ಕ್ಯಾನ್ಸರ್ ಔಷಧಿಯ ಕಚ್ಚಾವಸ್ತುವಿಗಾಗಿ ಘಟ್ಟದಲ್ಲಿ ದುರ್ವಾಸನೆ ಮರವನ್ನು ಬುಡಸಮೇತ ಕಡಿದು ಸಾಗಿಸಿದ ಹಾಗೆ ಗಿಡವನ್ನೇ ಕೊಲ್ಲುವ ಸಂಗ್ರಹಕ್ಕೆ ನಿಷೇಧವೇ ಸರಿ. ಎಲೆ ಚಿವುಟುವುದು, ಹಣ್ಣು ಹೆಕ್ಕುವುದು, ತೊಗಟೆ ಸುಲಿಯುವುದು, ಬೇರು ಅಗೆಯುವುದು ನಾಲ್ಕೂ ಬೇರೆಬೇರೆ ಕೆಲಸ. ನಾಲ್ಕನ್ನೂ ಒಂದೇ ಕಡತಕ್ಕೆ ಸೇರಿಸಿ "ಸಂಗ್ರಹ ನಿಲ್ಲಲಿ" ಎನ್ನುವವರ ಜೊತೆಗೆ ಮಾತ್ರ ನನ್ನ ಜಗಳ.

"ಹಕ್ಕು ಕೊಟ್ಟರೂ ಅಷ್ಟೇ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರೇ ನೆಲ್ಲಿಕಾಯಿ ಕೊಯ್ದರು, ನೆಲ್ಲಿ ಸಸಿ ಕಡಿಮೆಯಾಯಿತು" ಎನ್ನುವುದು ಮುಂದಿನ ಮಾತು. ಓದಿಕೊಂಡವರ ಆಕ್ಷೇಪ ಇದು. ಸರಿಯಾಗಿ ಹೇಳಬೇಕೆಂದರೆ, ಅರ್ಧ ಓದಿದವರದು.

ಬಿಳಿಗಿರಿರಂಗನ ಬೆಟ್ಟ ಕಿರು ಅರಣ್ಯ ಉತ್ಪನ್ನದ ಬಗ್ಗೆ ಇಡೀ ದೇಶದಲ್ಲೇ ಹೆಚ್ಚು ಅಧ್ಯಯನಗಳು ನಡೆದಿರುವ ಜಾಗಗಳಲ್ಲಿ ಒಂದು. ಬೆಂಗಳೂರಿನ ಏಟ್ರೀ ಸಂಸ್ಥೆಯ ವಿಜ್ಞಾನಿಗಳು, ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ಕಿರು ಉತ್ಪನ್ನ ಕೊಳ್ಳುವ ಲ್ಯಾಂಪ್ಸ್ ಸಹಕಾರ ಸೊಸೈಟಿ ಮತ್ತು ಸೋಲಿಗರು ಸೇರಿ ವರ್ಷಗಟ್ಟಲೆ ನೆಲ್ಲಿ ಮರಗಳ ಬೆನ್ನು ಹತ್ತಿದ್ದಾರೆ. ಹೊಸ ಸಸಿ ಕಡಿಮೆ ಎನ್ನುವುದು ಅವರೇ ಹೇಳಿದ ಮಾತು. ಆದರೆ ಅಳೆಯುತ್ತಾ ಹೋದಂತೆ ಕೊಯ್ಲಿಗಿಂತ ದೊಡ್ಡ ಕಳ್ಳರು ಬೇರೆ ಇಬ್ಬರು ಸಿಕ್ಕಿಬಿದ್ದರು. ಒಂದು, ನೆಲ್ಲಿ ಮರದ ಮೇಲೆ ಬೆಳೆದು ರಸ ಹೀರುವ ಬಂದಣಿಕೆ. ಇನ್ನೊಂದು, ನೆಲವನ್ನೆಲ್ಲ ಮುಚ್ಚಿ ಸಸಿಗೆ ಬೆಳಕು ಸಿಗದಂತೆ ಮಾಡುವ ಲಾಂಟಾನ. 1997ರಿಂದ 2008ರ ನಡುವೆ ಆ ಬೆಟ್ಟದಲ್ಲಿ ಲಾಂಟಾನದ ಹರವು ಹೆಚ್ಚುಕಡಿಮೆ ಇಮ್ಮಡಿಯಾಯಿತು. ಸೋಲಿಗರ ಹಿರಿಯರನ್ನು ಕೇಳಿದರೆ ಹೇಳುತ್ತಾರೆ: ಹಿಂದೆ ಬೇಸಿಗೆಯ ಮೊದಲಲ್ಲಿ ತರಗೆಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದೆವು, ಪೊದೆಯೂ ಬಂದಣಿಕೆಯೂ ಹತೋಟಿಯಲ್ಲಿತ್ತು, ಬೆಂಕಿ ನಿಲ್ಲಿಸಿದ್ದು ನಾವಲ್ಲ. ಅವರ ಮಾತು ಪೂರ್ತಿ ಸರಿಯೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ಇದೆ, ಇರಲಿ. ಆದರೆ ಕಾಡಿನಲ್ಲಿ ದಿನಾ ನಡೆಯುವವರು ಹೇಳಿದ್ದನ್ನು ಪರೀಕ್ಷೆಗೆ ಒಡ್ಡಿದರಲ್ಲ, ಅದೇ ದೊಡ್ಡದು.

ಅಲ್ಲಿ ನಿಷೇಧವೂ ಬಂತು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಿದ್ದುಪಡಿಯಾದ ಮೇಲೆ ಅಭಯಾರಣ್ಯದಿಂದ ಮಾರಾಟಕ್ಕಾಗಿ ಏನನ್ನೂ ತರುವ ಹಾಗಿಲ್ಲ ಎಂದಾಯಿತು. ಅದಕ್ಕೂ ಮೊದಲು ಸೋಲಿಗ ಕುಟುಂಬಗಳ ನಗದು ಆದಾಯದಲ್ಲಿ ಹೆಚ್ಚುಕಡಿಮೆ ಅರ್ಧ ಕಾಡಿನ ಉತ್ಪನ್ನದಿಂದ ಬರುತ್ತಿತ್ತು. ಆ ಬಾಗಿಲು ಮುಚ್ಚಿದ ಮೇಲೆ ಜನ ಕೂಲಿಗೆ ಕೊಡಗು, ಕೇರಳದ ತೋಟಗಳ ದಾರಿ ಹಿಡಿದರು. ಲಾಂಟಾನ ಎಲ್ಲಿಗೂ ಹೋಗಲಿಲ್ಲ. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಅಲ್ಲಿಯ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು, ಅದೂ ಹುಲಿ ಸಂರಕ್ಷಿತ ಪ್ರದೇಶ ಎಂದು ಘೋಷಣೆಯಾದ ಕಾಡಿನೊಳಗೆ. ಹಕ್ಕು ಕೊಟ್ಟರೆ ಹುಲಿ ಉಳಿಯುವುದಿಲ್ಲ ಎಂದು ಆಗ ಹೇಳಿದವರಿದ್ದರು. ಅದರ ಬೆನ್ನಿಗೇ ಬಂದ ಹುಲಿ ಗಣತಿಯಲ್ಲಿ ಸಂಖ್ಯೆ ಏರಿತೇ ಹೊರತು ಇಳಿಯಲಿಲ್ಲ. ಹಕ್ಕು ಕೊಟ್ಟದ್ದರಿಂದಲೇ ಹುಲಿ ಹೆಚ್ಚಿತು ಎಂದು ನಾನು ಹೇಳಲಾರೆ. ಕಡಿಮೆಯಾಗುತ್ತದೆ ಎಂದು ಹೇಳಿದವರು ಮಾತ್ರ ಈಗೊಮ್ಮೆ ಬಾಯಿಬಿಡಬೇಕು.

ಬಿದಿರಿನ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ "ಹಳ್ಳಿಯವರೇ ಹಾಳುಮಾಡಿದರು" ಎಂಬ ಮಾತು ಕರ್ನಾಟಕದಲ್ಲಿ ಸರಿಯಾಗಿ ಪರೀಕ್ಷೆಗೊಳಗಾದ ಒಂದು ಸಂದರ್ಭ ಅದು. ದಾಂಡೇಲಿಯ ಕಾಗದದ ಕಾರ್ಖಾನೆಗೆ ಟನ್ನಿಗೆ ಒಂದೂವರೆ ರೂಪಾಯಿಯಂತೆ ಬಿದಿರು ಸಿಗುತ್ತಿತ್ತು. ಅದೇ ಬಿದಿರಿಗೆ ಮೇದರು ಪೇಟೆಯಲ್ಲಿ ಅದರ ನೂರಾರು ಪಟ್ಟು ತೆರಬೇಕಿತ್ತು. ಬಿದಿರು ಬರಿದಾಗುತ್ತಿದೆ ಎಂದಾಗ ದೋಷ ಹೊತ್ತವರು ದನ ಮೇಯಿಸುವವರು ಮತ್ತು ಮೇದರು. 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಸ್ಥಳಕ್ಕೇ ಹೋಗಿ ಮೆಳೆ ಮೆಳೆ ನೋಡಿದರು. ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ಹೆಣಿಗೆ ಇರುತ್ತದೆ. ಹಳ್ಳಿಯವರು ಬಿದಿರು ಕಡಿಯುವಾಗ ಅದನ್ನು ಹಾಗೇ ಬಿಡುತ್ತಿದ್ದರು. ಎತ್ತರದಲ್ಲಿ ಕಡಿದರೆ ಅವರ ಕೆಲಸ ಮುಗಿಯುತ್ತಿತ್ತು. ಕಾರ್ಖಾನೆಯವರು ಕೆಲಸ ಸಲೀಸಾಗಲೆಂದೂ ಬುಡದ ತನಕ ಬಿದಿರು ಸಿಗಲೆಂದೂ ಮುಳ್ಳು ಸವರಿಸಿದರು. ಇಲಾಖೆಯ ನಿಯಮವೂ ಅದನ್ನೇ ಹೇಳುತ್ತಿತ್ತು. ಮುಳ್ಳು ಹೋದ ಮೆಳೆಯಲ್ಲಿ ಎದ್ದ ಎಳೆಯ ಕಣಿಲೆಯೆಲ್ಲ ದನ, ಹಂದಿ, ಮಂಗಗಳ ಪಾಲಾಯಿತು. ಬಿದಿರನ್ನು ಉಳಿಸುವ ಕ್ರಮ ಗೊತ್ತಿದ್ದವರೇ ಆರೋಪಿಗಳಾಗಿದ್ದರು.

ಇನ್ನು ಎರಡನೆಯ ಪಾಳಯದವರು. ಇವರನ್ನು ಎದುರಿಸುವುದು ಕಷ್ಟ, ಏಕೆಂದರೆ ಇವರ ಪ್ರಶ್ನೆ ಚುಚ್ಚುತ್ತದೆ. "ಕೊರಗರ ಮಕ್ಕಳು ಇನ್ನೂ ಬುಟ್ಟಿ ಹೆಣೆಯುತ್ತಾ ಕೂರಬೇಕೇ?"

ಕೂರಬೇಕಾಗಿಲ್ಲ. ಯಾರ ಮಕ್ಕಳೂ ಅಪ್ಪನ ಕಸುಬಿಗೆ ಬಂಧಿಯಾಗಬಾರದು. ಕೊರಗರ ಮಟ್ಟಿಗಂತೂ ಈ ಮಾತನ್ನು ದಪ್ಪಕ್ಷರದಲ್ಲಿ ಬರೆಯಬೇಕು. ಅವರನ್ನು ಕೀಳಾಗಿ ನಡೆಸಿಕೊಂಡ ಅಜಲು ಪದ್ಧತಿ ಎಂಥದ್ದೆಂದರೆ ಅದನ್ನು ನಿಲ್ಲಿಸಲು ಕರ್ನಾಟಕ 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. 2011ರ ಜನಗಣತಿಯಲ್ಲಿ ರಾಜ್ಯದಲ್ಲಿ ಅವರ ಸಂಖ್ಯೆ 15 ಸಾವಿರದೊಳಗೆ. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವವರೂ ಅವರೊಳಗಿನಿಂದ ಬಂದಿದ್ದಾರೆ, ಇನ್ನಷ್ಟು ಮಂದಿ ಬರಲಿ.

ಆದರೆ ಬುಟ್ಟಿ ಬಿಟ್ಟವರಿಗೆ ನಮ್ಮ ಮಂಗಳೂರು ಏನು ಕೊಟ್ಟಿತು ಎಂದು ನೋಡಿದ್ದೀರಾ? ಹೆಚ್ಚಿನವರ ಕೈಗೆ ಪೊರಕೆ ಕೊಟ್ಟಿತು. ನಗರದ ಕಸ, ಚರಂಡಿಯ ಕೆಲಸದಲ್ಲಿ ಅವರನ್ನು ನಿಲ್ಲಿಸಿ ಅದಕ್ಕೆ ಮುಖ್ಯವಾಹಿನಿ ಎಂದು ಹೆಸರಿಟ್ಟೆವು. ಸ್ವಂತ ಕೈಯಿಂದ ವಸ್ತು ಮಾಡಿ, ಬೆಲೆ ಹೇಳಿ ಮಾರುತ್ತಿದ್ದ ಕಸುಬು ಅವಮಾನದ್ದು, ಇನ್ನೊಬ್ಬರ ಕೊಳೆ ಎತ್ತುವ ಗುತ್ತಿಗೆ ಕೆಲಸ ಮೇಲಿನದ್ದು ಎಂದು ತೀರ್ಪು ಕೊಟ್ಟವರು ಯಾರು?

ಬುಟ್ಟಿಯ ಬಗ್ಗೆ ಮಾತಾಡುವ ಬಹಳ ಮಂದಿ ಅದನ್ನು ಹತ್ತಿರದಿಂದ ನೋಡಿದಂತಿಲ್ಲ. ಕೊರಗರ ಬುಟ್ಟಿ ಬಿದಿರಿನದ್ದು ಮಾತ್ರವಲ್ಲ, ಕಾಡಿನ ಬೂರಿನದ್ದು, ಅಂದರೆ ಬಳ್ಳಿಯದ್ದು. ಯಾವ ಬೂರು ಬುಟ್ಟಿಯ ಅಂಚಿಗೆ, ಯಾವುದು ಅಡಿಗೆ, ಯಾವುದು ಒಣಗಿದ ಮೇಲೆ ಲಟಕ್ಕೆಂದು ಮುರಿಯುತ್ತದೆ ಎನ್ನುವುದು ಬೆರಳಿಗೆ ಗೊತ್ತಿರಬೇಕಾದ ವಿದ್ಯೆ. ಹಸಿ ಇರುವಾಗಲೇ ಸಿಗಿಯಬೇಕು, ಗಂಟು ಸವರಬೇಕು, ಕೈಗೆ ಚುಚ್ಚದ ಹಾಗೆ ಹೆರೆಯಬೇಕು. ಆ ಬುಟ್ಟಿಯಲ್ಲಿ ಗದ್ದೆಗೆ ಗೊಬ್ಬರ ಹೋಗಿದೆ, ದಕ್ಕೆಯಿಂದ ಮನೆಮನೆಗೆ ಮೀನು ಹೋಗಿದೆ, ಮದುವೆ ಮನೆಯಲ್ಲಿ ಅನ್ನ ಬಸಿದಿದೆ. ದಕ್ಕೆಗೆ ಪ್ಲಾಸ್ಟಿಕ್ ಕ್ರೇಟ್ ಬಂತು, ಬುಟ್ಟಿ ಬದಿಗೆ ಸರಿಯಿತು. ಅದೇ ಪ್ಲಾಸ್ಟಿಕ್ಕು ಈಗ ಪಣಂಬೂರು, ತಣ್ಣೀರುಬಾವಿ ಕಡಲದಂಡೆಯಲ್ಲಿ ಬಿದ್ದಿರುತ್ತದೆ. ಅದನ್ನು ಹೆಕ್ಕುವ ಶ್ರಮದಾನಕ್ಕೆ ನಾವು ಟೀ ಶರ್ಟು ಹಾಕಿಕೊಂಡು ಹೋಗುತ್ತೇವೆ.

ಬೂರು ಕಡಿಯಲು ಕಾಡಿಗೆ ಹೋದರೆ ಕೇಸು ಬೀಳುವ ಭಯ ಬೇರೆ. ಇದರಲ್ಲಿರುವ ತಮಾಷೆ ನೋಡಿ. ಮರದ ವ್ಯಾಪಾರಕ್ಕಾಗಿ ಕಾಡು ಸಾಕುತ್ತಿದ್ದ ಕಾಲದಲ್ಲಿ ಅರಣ್ಯ ಇಲಾಖೆಗಳ ಕಾರ್ಯಯೋಜನೆಗಳಲ್ಲಿ ಬಳ್ಳಿ ಕಡಿಯುವುದು ಒಂದು ಅಧಿಕೃತ ಕೆಲಸವೇ ಆಗಿತ್ತು. ಮರ ನೆಟ್ಟಗೆ ಬೆಳೆಯಲೆಂದು ದುಡ್ಡು ಕೊಟ್ಟು ಬಳ್ಳಿ ಕಡಿಸುತ್ತಿದ್ದರು. ಇಲಾಖೆ ಕಡಿಸಿದರೆ ಅರಣ್ಯಶಾಸ್ತ್ರ, ಕೊರಗಜ್ಜಿ ಕಡಿದರೆ ಅಪರಾಧ. ಬುಡ ಬಿಟ್ಟು ಕಡಿದ ಬಳ್ಳಿ ಮಳೆಗಾಲಕ್ಕೆ ಮತ್ತೆ ಚಿಗುರುತ್ತದೆ ಎಂಬುದು ಅಜ್ಜಿಗೆ ಗೊತ್ತು.

ಓದು ಬೇಕೋ ಕಸುಬು ಬೇಕೋ ಎಂದು ಆಯ್ಕೆ ಮಾಡಲು ಹೇಳುವುದೇ ತಪ್ಪು. ಇದೇ ಊರಿನಲ್ಲಿ ಕುದ್ಮುಲ್ ರಂಗರಾಯರು ದಲಿತರಿಗಾಗಿ, ಕೊರಗರಿಗಾಗಿ ಶಾಲೆ ತೆರೆದಾಗ ಅಕ್ಷರದ ಜೊತೆಗೆ ಕೈಕಸುಬಿನ ತರಬೇತಿಯನ್ನೂ ಇಟ್ಟರು. ನೂರು ವರ್ಷದ ಮೇಲಾಯಿತು. ಇವೆರಡೂ ಒಂದಕ್ಕೊಂದು ಅಡ್ಡ ಬರುತ್ತವೆ ಎಂದು ಅವರಿಗೆ ಅನ್ನಿಸಿರಲಿಲ್ಲ. ಮಗಳು ಕಾಲೇಜಿಗೆ ಹೋಗುವ ಬಸ್ಸಿನ ದುಡ್ಡು ಅಮ್ಮನ ಬುಟ್ಟಿಯಿಂದ ಬಂದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನಿದೆ?

"ಏನೇ ಹೇಳಿ, ಮನುಷ್ಯ ಮುಟ್ಟದ ಕಾಡೇ ಕಾಡು" ಎನ್ನುವವರಿಗೆ ಹೆಚ್ಚು ಹೇಳಲು ಹೋಗುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಅಂಥ ಕಾಡು ಎಲ್ಲಿದೆ, ತೋರಿಸಿ. ಕುಡುಬಿಯರು ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯ ಮಾಡಿ, ಕಾಚು ತೆಗೆದು ಬದುಕಿದ ಕಾಡು ಇದು. 1860ರ ಸುಮಾರಿಗೆ ಸರ್ಕಾರ ಕುಮರಿಯನ್ನು ನಿಲ್ಲಿಸಿತು, ಕಾಡು ಉಳಿಸಲೆಂದು. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಬೆನ್ನಿಗೇ ಸಾಲು ಸಾಲು ಕಾರ್ಖಾನೆಗಳೆದ್ದವು. ಅವುಗಳ ಗೂಡಿಗೆ ಬೇಕಾದ ಸೌದೆ ನೇತ್ರಾವತಿ, ಗುರುಪುರ ಹೊಳೆಗಳಲ್ಲಿ ದೋಣಿ ದೋಣಿ ಇಳಿದು ಬಂತು. ಕುಮರಿಯಿಂದ ಉಳಿಸಿದ ಕಾಡು ಕೊನೆಗೆ ಯಾವ ಬೆಂಕಿಗೆ ಹೋಯಿತು? ನಮ್ಮ ಕಾಲಕ್ಕೆ ಬಂದರೆ 1987ರಲ್ಲಿ ಕುದುರೆಮುಖವನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿದ ಮೇಲೆ ಮಲೆಕುಡಿಯರು ಜೇನು, ರಾಮಪತ್ರೆ ತಂದು ಮಾರುವುದಕ್ಕೆ ಕಾನೂನಿನ ತಡೆ ಬಂತು. ಅದೇ ಬೆಟ್ಟದ ಅದಿರು ಮಾತ್ರ ಕೊಳವೆಯೊಳಗೆ ಕೆಸರಾಗಿ ಹರಿದು ನಮ್ಮ ಪಣಂಬೂರಿಗೆ ಬರುತ್ತಲೇ ಇತ್ತು, 2005ರ ಕೊನೆಯ ತನಕ.

"ಹಾಗಾದರೆ ತೋಟದಲ್ಲೇ ಬೆಳೆಸಲಿ. ಪುನರ್ಪುಳಿ, ಉಪ್ಪಾಗೆಗೆ ಒಳ್ಳೆಯ ಕಸಿ ಗಿಡ ಸಿಗುತ್ತವಲ್ಲ?" ಸಿಗುತ್ತವೆ, ಜಾಗ ಇರುವವರು ಖಂಡಿತ ನೆಡಲಿ. ಕಾಡಿನ ಮೇಲಿನ ಒತ್ತಡ ಅಷ್ಟರಮಟ್ಟಿಗೆ ಇಳಿಯುತ್ತದೆ. ಆದರೆ ಈ ಸಲಹೆ ತಲುಪುವುದು ವರ್ಗ ಜಾಗ, ಅಂದರೆ ಸ್ವಂತ ಪಟ್ಟಾ ಜಾಗ ಇರುವವರಿಗೆ. ಕಾಡಂಚಿನ ಐದು ಸೆಂಟ್ಸ್ ಮನೆಯವರು ಉಪ್ಪಾಗೆ ಎಲ್ಲಿ ನೆಡಬೇಕು, ಮಾಡಿನ ಮೇಲೆಯೇ? ದಕ್ಷಿಣ ಕನ್ನಡದಲ್ಲಿ ಕದೀಂ ವರ್ಗದ ಒಡೆಯರಿಗೆ ತಮ್ಮ ಗದ್ದೆ-ತೋಟದ ಸುತ್ತ ನೂರು ಗಜದ ಸರ್ಕಾರಿ ಜಾಗವಾದ ಕುಮ್ಕಿಯಲ್ಲಿ ಸೊಪ್ಪು, ಹುಲ್ಲು, ಕಟ್ಟಿಗೆ ತರುವ ಸೌಲಭ್ಯ ಬ್ರಿಟಿಷರ ಕಾಲದಿಂದ ಬಂದಿದೆ. ಅದನ್ನು ಯಾರೂ ಅರಣ್ಯನಾಶ ಎನ್ನಲಿಲ್ಲ. ಕುಮ್ಕಿ ಹಕ್ಕಿಗಾಗಿ ಎಲ್ಲ ಪಕ್ಷದವರೂ ಭಾಷಣ ಮಾಡುತ್ತಾರೆ. ಭೂಮಿ ಇರುವವರ ಸೊಪ್ಪು ಹಕ್ಕಾದರೆ ಇಲ್ಲದವರ ಬಳ್ಳಿ ಏಕೆ ಕಳ್ಳತನವಾಗಬೇಕು?

ಕಾಡನ್ನೇ ತೋಟ ಮಾಡಿದರೆ ಏನಾಗುತ್ತದೆಂದು ನೋಡಲೂ ದೂರ ಹೋಗಬೇಕಾಗಿಲ್ಲ. ಗೇರು ಅಭಿವೃದ್ಧಿ ನಿಗಮ ಹುಟ್ಟಿದ್ದು 1978ರಲ್ಲಿ, ಕೇಂದ್ರ ಕಚೇರಿ ಮಂಗಳೂರಿನಲ್ಲೇ. ಅದರ ಕೈಯಲ್ಲಿರುವ ಸುಮಾರು 25 ಸಾವಿರ ಹೆಕ್ಟೇರಿನ ಬಹುಪಾಲು ಅರಣ್ಯ ಇಲಾಖೆಯಿಂದ ಬಂದ ನೆಲ. ಆ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದರ ಫಲವನ್ನು ಕೊಕ್ಕಡ, ಪಟ್ರಮೆಯ ಮನೆಗಳು ಇಂದಿಗೂ ಉಣ್ಣುತ್ತಿವೆ. ಆ ಗುಡ್ಡಗಳಲ್ಲಿ ಪುನರ್ಪುಳಿ ಹೆಕ್ಕುವ ಹೆಂಗಸರು ಇದ್ದಿದ್ದರೆ ಇಷ್ಟು ಹಾನಿಯಾಗುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ.

ಈಗ ನನ್ನ ಕಡೆಗೇ ತಿರುಗುವ ಬೆರಳು. "ನಗರದಲ್ಲಿ ಕುಳಿತು ಕಾಡಿನವರ ಬಗ್ಗೆ ಬರೆಯುವುದು ಸುಲಭ" ಎನ್ನುತ್ತಾರೆ. ಮಂಗಳೂರಿಗರು ಕಾಡಿನ ಉತ್ಪನ್ನದ ಹೊರಗಿನವರು ಎಂದು ಯಾರು ಹೇಳಿದ್ದು? ಜೂನ್ ಕಳೆಯಲಿ, ಸ್ಟೇಟ್‌ಬ್ಯಾಂಕ್ ಬಸ್‌ನಿಲ್ದಾಣದ ಆಸುಪಾಸು, ರಥಬೀದಿಯ ಬದಿಯಲ್ಲಿ ಒಂದು ಸುತ್ತು ಹಾಕಿ. ಪತ್ರೊಡೆಗೆ ಮರಕೆಸುವಿನ ಎಲೆಯ ಕಟ್ಟು, ಸುಲಿದ ಕಣಿಲೆ, ಮಣ್ಣು ಮೆತ್ತಿದ ಅಣಬೆ. ಅಷ್ಟಮಿ, ಚೌತಿ ಹತ್ತಿರ ಬಂದರೆ ಮುಂಡೇವಿನ ಓಲೆಯಲ್ಲಿ ಸುತ್ತಿದ ಮೂಡೆಯ ರಾಶಿ. ಮರಕೆಸುವಿನ ಎಲೆ ಕೊಯ್ದರೆ ಮರದ ಸಂದಿನಲ್ಲಿ ಗೆಡ್ಡೆ ಉಳಿಯುತ್ತದೆ, ಮುಂದಿನ ಮಳೆಗೆ ಮತ್ತೆ ಎಲೆ. ಅದನ್ನು ತರುವ ಹೆಂಗಸಿನಿಂದ ಕಾಡಿಗೆ ತೊಂದರೆ ಇಲ್ಲ.

ತೊಂದರೆ ಇರುವುದು ನಮ್ಮಂಥವರಿಂದ. ಆಟಿ ಅಮಾವಾಸ್ಯೆಯ ಪಾಲೆ ಮರದ ಕಷಾಯವನ್ನೇ ತೆಗೆದುಕೊಳ್ಳಿ. ಬೆಳಕು ಹರಿಯುವ ಮೊದಲು ಮನೆಯ ಹಿರಿಯರೊಬ್ಬರು ಹೋಗಿ, ಕಬ್ಬಿಣ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ಕೆತ್ತೆ ತೆಗೆದು, ಕರಿಮೆಣಸು ಬೆಳ್ಳುಳ್ಳಿ ಹಾಕಿ, ಕಾಯಿಸಿದ ಬಿಳಿಕಲ್ಲು ಮುಳುಗಿಸಿ ಕೊಡುತ್ತಿದ್ದರು; ಮೇಲೆ ಮೆಂತೆ ಗಂಜಿ. ಕಲ್ಲಿನಿಂದ ಜಜ್ಜಿದರೆ ಒಂದು ಅಂಗೈಯಗಲ ತೊಗಟೆ ಏಳುವುದೇ ಹೆಚ್ಚು. ಆ ನಿಯಮದೊಳಗೆ ಮರಕ್ಕೆ ರಕ್ಷಣೆ ಇತ್ತು. ಈಗ ಸಂಘ-ಸಂಸ್ಥೆಗಳು ಡ್ರಮ್ಮುಗಟ್ಟಲೆ ಕಷಾಯ ಮಾಡಿ ಹಂಚುತ್ತವೆ, ರಸ್ತೆ ಬದಿಯ ಪಾಲೆ ಮರದ ಸುತ್ತಲೂ ತೊಗಟೆ ಎದ್ದಿರುತ್ತದೆ. ಸುತ್ತಲೂ ಸುಲಿದರೆ ಮರ ಬದುಕುವುದಿಲ್ಲ. ಗೊತ್ತಿಲ್ಲದವರು ಪಾಲೆಯೆಂದು ಕಾಸರಕನ ಮರದ ತೊಗಟೆ ತಂದು ಪ್ರಾಣಕ್ಕೆ ಎರವಾದ ಸುದ್ದಿಯೂ ಈ ಜಿಲ್ಲೆಗಳಲ್ಲಿ ಬಂದಿದೆ. ಯಾವ ಮರ, ಎಷ್ಟು, ಹೇಗೆ ಎಂದು ತಿಳಿದವರ ಕೈ ತಪ್ಪಿ ತಿಳಿಯದವರ ಕೈಗೆ ಸಂಗ್ರಹ ಹೋದರೆ ಆಗುವುದು ಇದೇ. ಸಂಗ್ರಹಕಾರರನ್ನು ಕಾಡಿನಿಂದ ಹೊರಹಾಕಿದರೆ ಸಂಗ್ರಹ ನಿಲ್ಲುವುದಿಲ್ಲ. ಅದು ರಾತ್ರಿಯ ಕೆಲಸವಾಗುತ್ತದೆ, ಅಥವಾ ನಮ್ಮಂಥ ಅರೆಬರೆ ತಿಳಿದವರ ಹಬ್ಬವಾಗುತ್ತದೆ.

"ಕಾನೂನು ಬಿಡುವುದಿಲ್ಲ" ಎಂಬುದಕ್ಕೆ ಎರಡೇ ಮಾತು ಸಾಕು. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರು, ಬೆತ್ತ, ಜೇನು, ಮೇಣ, ಔಷಧಿ ಸಸ್ಯ, ಗೆಡ್ಡೆಗೆಣಸುಗಳನ್ನೆಲ್ಲ ಕಿರು ಅರಣ್ಯ ಉತ್ಪನ್ನ ಎಂದು ಹೆಸರಿಸಿ, ಪಾರಂಪರಿಕವಾಗಿ ಸಂಗ್ರಹಿಸುತ್ತಾ ಬಂದವರಿಗೆ ಅವುಗಳ ಒಡೆತನವನ್ನೇ ಕೊಟ್ಟಿದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೂ ಅದರ ವ್ಯಾಪ್ತಿಯೊಳಗೇ ಇವೆ. 2012ರ ನಿಯಮಗಳ ಪ್ರಕಾರ ಸಾಗಾಟದ ಪರವಾನಗಿ ಕೊಡುವ ಅಧಿಕಾರ ಗ್ರಾಮಸಭೆಯ ಸಮಿತಿಯದ್ದು. ಅದೇ ಕಾಯ್ದೆಯ 5ನೇ ಕಲಮಿನ ಪ್ರಕಾರ ಕಾಡು ಕಾಯುವ ಅಧಿಕಾರವೂ ಅವರದೇ. ಪರಿಶಿಷ್ಟ ಪಂಗಡದವರಲ್ಲದವರು ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸಕ್ಕೆ ಸಾಕ್ಷಿ ಕೊಡಬೇಕೆಂಬ ಷರತ್ತಿನಿಂದ ಕುಡುಬಿಯರಂಥವರು ಸೋಲುತ್ತಾರೆ. ಜಗಳವಾಡಬೇಕಾದ್ದು ಅಲ್ಲಿ.

ಕೊನೆಗೆ ಎಲ್ಲರೂ ಬಂದು ನಿಲ್ಲುವ ಪ್ರಶ್ನೆ: "ಮಿತಿ ಮೀರಿದರೆ ನೋಡುವವರು ಯಾರು?" ಬಿಳಿಗಿರಿರಂಗನ ಬೆಟ್ಟದಲ್ಲಿ ಇದಕ್ಕೊಂದು ಕ್ರಮ ರೂಪಿಸಿದ್ದರು. ಕೊಯ್ಲಿಗೆ ಮುಂಚೆ ಸೋಲಿಗರೂ ವಿಜ್ಞಾನಿಗಳೂ ಕೂಡಿ ಕಾಡಿನಲ್ಲಿ ನಡೆದು, ಮರದ ಮೇಲೆ ಕಾಯಿ ಎಷ್ಟಿದೆ ಎಂದು ಕಣ್ಣಂದಾಜಿನಲ್ಲಿ ಬರೆದುಕೊಳ್ಳುವುದು. ಕೊಯ್ಲು ಮುಗಿದ ಮೇಲೆ ಸೊಸೈಟಿಯ ತಕ್ಕಡಿಗೆ ಬಿದ್ದ ತೂಕದ ಜೊತೆ ತಾಳೆ ನೋಡುವುದು. ಎಲ್ಲರೂ ಕೂತು ಈ ಸಲ ಹೆಚ್ಚಾಯಿತೇ, ಕೊಂಬೆ ಕಡಿದವರು ಯಾರು, ಬಂದಣಿಕೆ ಎಲ್ಲಿ ತೆಗೆಯಬೇಕು ಎಂದು ಮಾತಾಡುವುದು. ಇದು ಎಲ್ಲ ವರ್ಷವೂ ಸರಿಯಾಗಿ ನಡೆಯಿತು ಎಂದಲ್ಲ. ಆದರೆ ಮರ ಎಣಿಸಿ, ಬಳಿಕ ಕೊಯ್ದು, ಮತ್ತೆ ಎಣಿಸುವ ಕೆಲಸ ಓದುಬರಹ ಕಡಿಮೆ ಇದ್ದವರಿಂದಲೂ ಆಗುತ್ತದೆ ಎನ್ನುವುದಕ್ಕೆ ಅಲ್ಲಿ ಪುರಾವೆ ಇದೆ. ನಮ್ಮ ಬೆಳ್ತಂಗಡಿ, ಸುಳ್ಯದ ಕಾಡಿನಲ್ಲಿ ಅದನ್ನು ಮಾಡಲು ಮಲೆಕುಡಿಯರೂ ಕೊರಗರೂ ಇದ್ದಾರೆ. ಜೊತೆಗೆ ನಡೆಯಲು ನಮ್ಮ ನಗರದಲ್ಲಿ ಸಸ್ಯಶಾಸ್ತ್ರ ಓದಿದವರಿಗೂ ಕೊರತೆ ಇಲ್ಲ. ಸಂಗ್ರಹ ನಿಷೇಧಿಸಿ ಎಂಬ ಮನವಿಗೆ ಸಹಿ ಹಾಕುವ ಗೆಳೆಯರು ಅದಕ್ಕೂ ಮೊದಲು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಲಿ: ತಮಗೆ ಹತ್ತಿರದ ಅರಣ್ಯ ವಲಯದ ಹಿಂದಿನ ಕಿರು ಉತ್ಪನ್ನ ಟೆಂಡರಿನ ಪ್ರತಿ ಕೊಡಿ ಎಂದು. ಉತ್ಪನ್ನದ ಹೆಸರು, ಅವಧಿ, ಠೇವಣಿ ಎಲ್ಲ ಅದರಲ್ಲಿ ಸಿಗುತ್ತದೆ. ಹರಾಜಿಗೆ ಮುನ್ನ ಆ ವಲಯದಲ್ಲಿ ಯಾವ ಮರ ಎಷ್ಟಿತ್ತೆಂದು ಯಾರಾದರೂ ಎಣಿಸಿದ್ದರೇ ಎನ್ನುವುದನ್ನೂ ಅದರಲ್ಲೇ ಹುಡುಕಲಿ.